ಮೊದಲ ಟ್ಯೂಬು ನಮ್ಮದಲ್ಲ: ರಕ್ತದಲ್ಲಿ ಕ್ಯಾನ್ಸರ್ ಕೋಶ ಹಿಡಿಯುವ ಬಗೆ

ಮೈಸೂರಿನ ನಮ್ಮ ಲ್ಯಾಬಿಗೆ ಪ್ರಾಜೆಕ್ಟ್ ಮಾಡಲು ಬರುವ ಮಕ್ಕಳಿಗೆ ನಾನು ಮೊದಲು ಹೇಳುವುದು ಲೆಕ್ಕ. 7.5 ಮಿಲಿ ರಕ್ತದಲ್ಲಿ ಕೆಂಪು ಕಣಗಳೇ ಸುಮಾರು ಮೂರೂವರೆ ಸಾವಿರ ಕೋಟಿ. ಗಡ್ಡೆಯಿಂದ ಕಳಚಿ ಬಂದ ಕ್ಯಾನ್ಸರ್ ಕೋಶ ಐದೋ ಹತ್ತೋ ಇರಬಹುದು. ಒಂದು ಕೋಶ ಕಳೆದರೂ ನಷ್ಟ ದೊಡ್ಡದು ಅಲ್ವಾ?

ರಕ್ತ ತೆಗೆಯುವಾಗ ಮೊದಲ ಟ್ಯೂಬನ್ನು ಬೇರೆ ಪರೀಕ್ಷೆಗೆ ಕೊಡಿ. ಸೂಜಿ ಚರ್ಮ ದಾಟುವಾಗ ಅಲ್ಲಿನ ಕೋಶಗಳೂ ಒಳಗೆ ಬರುತ್ತವೆ. ಅವು ಮುಂದೆ ಕ್ಯಾನ್ಸರ್ ಕೋಶದ ಹಾಗೇ ಕಂಡು ದಾರಿ ತಪ್ಪಿಸುತ್ತವೆ. ಎರಡನೆಯ ಟ್ಯೂಬು ನಮ್ಮದು. ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿನಲ್ಲಿರುವ ಇಡಿಟಿಎ ಬೆರೆಯಲು ಎಂಟು ಸಲ ಮೆಲ್ಲಗೆ ಬೋರಲು ಮಾಡಿ, ಕುಲುಕಬೇಡಿ. ಮಂಡ್ಯದಿಂದ ಸ್ಯಾಂಪಲ್ ತರುವಾಗ ಐಸ್ ಪ್ಯಾಕ್ ಬೇಡ. ಐಸಿಗೆ ತಾಗಿ ರಕ್ತ ಗಟ್ಟಿಯಾದರೆ ಕೋಶಗಳು ಒಡೆದು ಹೋಗುತ್ತವೆ. ಬಿಸಿಲಲ್ಲಿ ನಿಂತ ಗಾಡಿಯಲ್ಲೂ ಬಿಡಬೇಡಿ. ನಾಲ್ಕು ಗಂಟೆಯೊಳಗೆ ಕೆಲಸ ಶುರುವಾಗಲಿ.

ರಕ್ತಕ್ಕೆ ಬಫರ್ (ಕೋಶಗಳಿಗೆ ಹೊಂದುವ ಉಪ್ಪು ದ್ರಾವಣ) ಬೆರೆಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ 800 ಜಿ ಬಲದಲ್ಲಿ, ಅಂದರೆ ಭೂಮಿಯ ಸೆಳೆತದ 800 ಪಟ್ಟು, ಹತ್ತು ನಿಮಿಷ ತಿರುಗಿಸಿ, ಮೇಲಿನ ಪ್ಲಾಸ್ಮಾ ತೆಗೆಯಿರಿ. ಈಗ ನ್ಯಾನೋಕಣ ಹಾಕಿ. ಒಳಗೆ ಕಬ್ಬಿಣದ ಆಕ್ಸೈಡ್, ಮೈಮೇಲೆ ಎಪ್‌ಕ್ಯಾಮ್ ಎಂಬ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿ. ಸ್ತನ, ಕರುಳು, ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ಈ ಪ್ರೋಟೀನ್ ಸಾಮಾನ್ಯವಾಗಿ ಇರುತ್ತದೆ, ರಕ್ತಕಣಗಳಲ್ಲಿ ಇರುವುದಿಲ್ಲ. ಕಣ ತೀರಾ ಸಣ್ಣದು. ಹಾಗಾಗಿ ತಳಕ್ಕೆ ಕೂರದೆ ಓಡಾಡುತ್ತಾ ಕೋಶಗಳಿಗೆ ಅಂಟಿಕೊಳ್ಳುತ್ತದೆ.

ಆಮೇಲೆ ಮ್ಯಾಗ್ನೆಟ್. ಕಣ ಅಂಟಿದ ಕೋಶಗಳನ್ನು ಅದು ಟ್ಯೂಬಿನ ಒಂದು ಬದಿಗೆ ಎಳೆದಿಡುತ್ತದೆ, ಉಳಿದ ದ್ರವವನ್ನು ಹೀರಿ ತೆಗೆಯಬೇಕು. ಜಾಸ್ತಿ ಕೋಶ ಕಳೆದುಹೋಗುವುದು ಇಲ್ಲೇ. ಕಲಿಯುವಾಗ ಆರೋಗ್ಯವಂತರ ರಕ್ತಕ್ಕೆ ಲ್ಯಾಬಿನಲ್ಲಿ ಬೆಳೆಸುವ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶ ನೂರು ಎಣಿಸಿ ಹಾಕಿದ್ದೆ. ಸಿಕ್ಕಿದ್ದು 22. ಮ್ಯಾಗ್ನೆಟ್ಟಿಗೆ ಸಮಯ ಕೊಡದೆ ದ್ರವ ಹೀರಿದ್ದೆ, ಹೀರಿದ್ದನ್ನು ಚೆಲ್ಲಿಯೂ ಆಗಿತ್ತು. ನೀವು ಪಿಪೆಟ್ಟನ್ನು ಮ್ಯಾಗ್ನೆಟ್ಟಿನ ಎದುರು ಬದಿಗೆ ಇಟ್ಟು ನಿಧಾನ ಹೀರಿ. ಎಣಿಕೆ ಮುಗಿಯುವ ತನಕ ಆ ದ್ರವವನ್ನು ಎಸೆಯಲೇಬೇಡಿ.

ಕೊನೆಗೆ ಬಣ್ಣ. ಡ್ಯಾಪಿ ಎಂಬ ಬಣ್ಣ ನ್ಯೂಕ್ಲಿಯಸ್ ತೋರಿಸುತ್ತದೆ. ಈ ಬಗೆಯ ಕ್ಯಾನ್ಸರ್ ಕೋಶದೊಳಗಿನ ಪ್ರೋಟೀನ್ ಸೈಟೋಕೆರಾಟಿನ್‌ನ ಬಣ್ಣ ಹೊಳೆಯಬೇಕು, ಬಿಳಿ ರಕ್ತಕಣದ ಮೈಮೇಲಿನ ಪ್ರೋಟೀನ್ ಸಿಡಿ45ರ ಬಣ್ಣ ಹೊಳೆಯಬಾರದು. ಸಿಡಿ45 ಹೊಳೆದರೆ ಅದು ಬಿಳಿ ರಕ್ತಕಣ. ಇದೇ ದಾರಿಯ ಪರೀಕ್ಷೆಗೆ ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು. ಬೇರೆಡೆ ಹರಡಿದ ಸ್ತನ ಕ್ಯಾನ್ಸರಿನಲ್ಲಿ 7.5 ಮಿಲಿಗೆ ಐದು ಅಥವಾ ಅದಕ್ಕಿಂತ ಜಾಸ್ತಿ ಕೋಶ ಕಂಡರೆ ರೋಗ ಬಿರುಸಾಗಿದೆ ಎಂದು ಲೆಕ್ಕ. ಕೆಲವು ಕೋಶಗಳು ಎಪ್‌ಕ್ಯಾಮ್ ಕಳೆದುಕೊಂಡು ತಪ್ಪಿಸಿಕೊಳ್ಳುತ್ತವೆ. ಸೊನ್ನೆ ಬಂದರೆ ಕ್ಯಾನ್ಸರ್ ಇಲ್ಲ ಎಂದು ಯಾರಿಗೂ ಹೇಳಬೇಡಿ.

ಮದ್ದೂರಿನ ಚಿಕ್ಕಮ್ಮ ಎದೆಯಲ್ಲಿ ಗಂಟು ಸಿಕ್ಕಿದಾಗ ಕೇಳಿದರು, "ನಿನ್ ಲ್ಯಾಬಲ್ಲೇ ನೋಡ್ಬಿಡು ಮಗಾ." "ಇದು ಅದಕ್ಕಲ್ಲ ಚಿಕ್ಕಮ್ಮ, ನಿಮಗೆ ಬೇಕಿರೋದು ಮ್ಯಾಮೊಗ್ರಾಮ್" ಎಂದೆ. ಮರುದಿನ ಬೆಳಿಗ್ಗೆಯೇ ಕರೆದುಕೊಂಡು ಹೋದೆ.