ಡ್ಯಾಕ್ ಆರಿಸಿದ್ದರೂ ಹಾಡು ಸ್ಪೀಕರಿನಲ್ಲೇ ಬರುತ್ತಿತ್ತು: ನನ್ನ ಅನುಭವ

ನಮ್ಮಜ್ಜಿ ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ಪದಗಳು 11 ಕ್ಯಾಸೆಟ್‌ಗಳಲ್ಲಿವೆ. ಸೋದರಮಾವ ಟೇಪ್‌ರೆಕಾರ್ಡರ್ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿದ್ದು. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಒಂದೊಂದಾಗಿ ಕ್ಲೀನ್ ಮಾಡುತ್ತಿದ್ದೇನೆ. ಈ ಕೆಲಸಕ್ಕೆ ಹೆಡ್‌ಫೋನ್ ಬೇಕೇ ಬೇಕು. ಕರೆಂಟಿನ 50 ಹರ್ಟ್ಸ್ ಗುಂಯ್ ಅನ್ನುವ ಸದ್ದು ಯಾವುದು, ಕಲ್ಲು ತಿರುಗುವ ಸದ್ದು ಯಾವುದು ಅಂತ ಸ್ಪೀಕರಿನಲ್ಲಿ ಕೇಳಿದರೆ ಬಿಡಿಸಿ ಹೇಳೋಕಾಗಲ್ಲ. ಅದಕ್ಕೇ ಒಂದು ಯುಎಸ್‌ಬಿ ಡ್ಯಾಕ್ ತಗೊಂಡಿದ್ದೆ. ಕಂಪ್ಯೂಟರಿನ ಒಳಗಿನ ಸೌಂಡ್ ಚಿಪ್ ಬಿಟ್ಟು, ಅಂಕಿಗಳನ್ನು ಧ್ವನಿಯಾಗಿಸುವ ಕೆಲಸವನ್ನು ಹೊರಗೆ ಮಾಡುವ ಪುಟ್ಟ ಡಬ್ಬಿ ಅದು.

ಒಂದು ರಾತ್ರಿ 11 ಗಂಟೆಗೆ ಹೆಡ್‌ಫೋನ್ ಹಾಕಿಕೊಂಡು ಪ್ಲೇ ಒತ್ತಿದೆ. ಕಿವಿಯಲ್ಲಿ ಏನೂ ಇಲ್ಲ. ಪ್ಲೇಯರಿನ ವಾಲ್ಯೂಮ್ ಜಾಸ್ತಿ ಮಾಡಿದೆ. ಆಗಲೂ ಇಲ್ಲ. ಇನ್ನೂ ಜಾಸ್ತಿ ಮಾಡಿದೆ. ಅಷ್ಟರಲ್ಲಿ ಹಾಲ್‌ನಲ್ಲಿ ಮಗು ಎದ್ದು ಅಳೋಕೆ ಶುರು ಮಾಡಿತು, ಹೆಡ್‌ಫೋನ್ ತೆಗೆದರೆ ಹಾಲ್‌ನ ಸ್ಪೀಕರಿನಿಂದ ಅಜ್ಜಿಯ ದನಿ ಮನೆ ತುಂಬ ಕೇಳಿಸುತ್ತಿದೆ. ಕೀಬೋರ್ಡಿನ ಮ್ಯೂಟ್ ಒತ್ತಿದೆ. ಸ್ಕ್ರೀನಿನಲ್ಲಿ ಮ್ಯೂಟ್ ಅಂತ ಬಂತು, ಹಾಡು ಮಾತ್ರ ನಿಲ್ಲಲಿಲ್ಲ. ಕೊನೆಗೆ ಓಡಿ ಹೋಗಿ ಸ್ಪೀಕರಿನ ಪ್ಲಗ್ಗೇ ಕಿತ್ತೆ.

ಮ್ಯೂಟ್ ಕೇಳಲಿಲ್ಲ ಅನ್ನುವುದೇ ದೊಡ್ಡ ಸುಳಿವು. ಆಗ ನನಗೆ ಹೊಳೆಯಲಿಲ್ಲ.

ನನ್ನ ಮೆಷಿನ್‌ನಲ್ಲಿರುವುದು ಉಬುಂಟು 24.04, ವಿಂಡೋಸ್ ಬದಲು ಹಾಕಿಕೊಳ್ಳುವ ಒಂದು ಲಿನಕ್ಸ್ ಸಿಸ್ಟಮ್. ಸೌಂಡ್ ಸೆಟ್ಟಿಂಗ್ಸ್ ತೆರೆದು ನೋಡಿದರೆ ಔಟ್‌ಪುಟ್ ಜಾಗದಲ್ಲಿ ಡ್ಯಾಕ್ ಹೆಸರೇ ಇತ್ತು. ಬ್ರೌಸರಿನಲ್ಲಿ ಒಂದು ವಿಡಿಯೋ ಹಾಕಿದೆ, ಹೆಡ್‌ಫೋನ್‌ನಲ್ಲಿ ಸರಿಯಾಗಿ ಬಂತು. ಅಂದರೆ ಡ್ಯಾಕ್ ಸರಿ ಇದೆ, ಕೇಬಲ್ ಸರಿ ಇದೆ, ಸಿಸ್ಟಮ್ ಸರಿ ಇದೆ. ಪ್ಲೇಯರ್ ಒಂದೇ ತನ್ನ ಪಾಡಿಗೆ ತಾನು ಬೇರೆ ಕಡೆ ಹೋಗುತ್ತಿದೆ. ಅದನ್ನು ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ. ಸೆಟ್ಟಿಂಗ್‌ಗಳು ಹೋಮ್ ಫೋಲ್ಡರಿನಲ್ಲೇ ಉಳಿಯುವುದರಿಂದ ಅದರಿಂದ ಏನೂ ಬದಲಾಗಲಿಲ್ಲ. ಈ ದಾರಿ ಹಿಡಿಯಬೇಡಿ, ಸುಮ್ನೆ ಟೈಮ್ ವೇಸ್ಟ್.

ಮಾರನೇ ದಿನ ಕೆಳಗಿನಿಂದ ಹುಡುಕೋಣ ಅಂತ ಕೂತೆ. ಯಾವ ಸೌಂಡ್ ಕಾರ್ಡಿಗೆ ಈಗ ಧ್ವನಿ ಹೋಗುತ್ತಿದೆ ಅಂತ ಲಿನಕ್ಸ್ ಕರ್ನಲ್ಲನ್ನೇ, ಅಂದರೆ ಹಾರ್ಡ್‌ವೇರ್ ನೋಡಿಕೊಳ್ಳುವ ಸಿಸ್ಟಮಿನ ತಿರುಳನ್ನೇ, ಕೇಳಬಹುದು. ಪ್ರಾಕ್ ಅನ್ನುವ ಫೋಲ್ಡರಿನ ಒಳಗೆ ಅಸೌಂಡ್ ಅಂತ ಇನ್ನೊಂದಿದೆ. ಅಲ್ಲಿ ಕಾರ್ಡ್ಸ್ ಅನ್ನುವ ಫೈಲ್ ತೆರೆದರೆ ಕಾರ್ಡ್‌ಗಳ ಪಟ್ಟಿ, ನಂಬರ್ ಸಮೇತ. ಪ್ರತಿ ಕಾರ್ಡಿನ ಫೋಲ್ಡರಿನ ಒಳಗೆ ಇಳಿಯುತ್ತಾ ಹೋದರೆ ಎಚ್‌ಡಬ್ಲ್ಯು_ಪ್ಯಾರಮ್ಸ್ ಅನ್ನುವ ಪುಟ್ಟ ಫೈಲ್ ಸಿಗುತ್ತದೆ. ಆ ಕಾರ್ಡನ್ನು ಯಾರೂ ಬಳಸದೇ ಇದ್ದರೆ ಅದರಲ್ಲಿ ‘ಕ್ಲೋಸ್ಡ್’ ಅನ್ನುವ ಒಂದೇ ಪದ ಇರುತ್ತದೆ. ಬಳಸುತ್ತಿದ್ದರೆ ಫಾರ್ಮ್ಯಾಟ್ ಏನು, ಸೆಕೆಂಡಿಗೆ ಎಷ್ಟು ಸ್ಯಾಂಪಲ್ (ಧ್ವನಿಯನ್ನು ಅಳೆದ ಅಂಕಿ) ಅಂತ ಎಲ್ಲವೂ ಕಾಣುತ್ತದೆ. ಪ್ಲೇಯರಿನಲ್ಲಿ ಹಾಡು ಹಾಕಿ ನೋಡಿದೆ. ಡ್ಯಾಕ್‌ನ ಫೈಲ್‌ನಲ್ಲಿ ‘ಕ್ಲೋಸ್ಡ್’. ಬೋರ್ಡಿನ ಒಳಗಿನ ಸೌಂಡ್ ಚಿಪ್ಪಿನ ಫೈಲ್‌ನಲ್ಲಿ 48000.

ಆಮೇಲೆ ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್ ತೆರೆದೆ. ಇದನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಿಕೊಳ್ಳಬೇಕು, ದಯವಿಟ್ಟು ಮಾಡಿಕೊಳ್ಳಿ. ಅದರ ಪ್ಲೇಬ್ಯಾಕ್ ಟ್ಯಾಬಿನಲ್ಲಿ ಸದ್ದು ಮಾಡುತ್ತಿರುವ ಪ್ರೋಗ್ರಾಂಗಳೆಲ್ಲ ಸಾಲಾಗಿ ಕಾಣಬೇಕು. ಬ್ರೌಸರ್ ಇತ್ತು. ಪ್ಲೇಯರ್ ಇರಲೇ ಇಲ್ಲ! ಹಾಡುತ್ತಿದೆ, ಆದರೆ ಪಟ್ಟಿಯಲ್ಲಿ ಇಲ್ಲ. ಮ್ಯೂಟ್ ಯಾಕೆ ಕೇಳಲಿಲ್ಲ ಅಂತ ಆಗ ಅರ್ಥವಾಯಿತು.

ವಿಷಯ ಹೀಗಿದೆ. ಲಿನಕ್ಸಿನಲ್ಲಿ ಹಾರ್ಡ್‌ವೇರಿಗೆ ಹತ್ತಿರ ಇರುವ ಪದರ ಆಲ್ಸಾ. ಅದರ ಮೇಲೆ ಸೌಂಡ್ ಸರ್ವರ್ ಇರುತ್ತದೆ, ಎಲ್ಲ ಪ್ರೋಗ್ರಾಂಗಳ ಸದ್ದನ್ನು ತಗೊಂಡು ಸರಿಯಾದ ಸಾಧನಕ್ಕೆ ಕಳಿಸುವುದು ಅದರ ಕೆಲಸ. ಮೊದಲು ಪಲ್ಸ್‌ಆಡಿಯೋ ಇತ್ತು, ಉಬುಂಟುವಿನಲ್ಲಿ 22.10ರಿಂದ ಪೈಪ್‌ವೈರ್ ಇದೆ. ನಾವು ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಆರಿಸಿದರೂ, ಮ್ಯೂಟ್ ಒತ್ತಿದರೂ ಅದು ಹೋಗಿ ಮುಟ್ಟುವುದು ಈ ಸರ್ವರಿಗೆ ಮಾತ್ರ. ಪ್ಲೇಯರ್ ಸರ್ವರನ್ನು ದಾಟಿ ನೇರವಾಗಿ ಆಲ್ಸಾ ಬಾಗಿಲು ತಟ್ಟಿದರೆ ನಮ್ಮ ಆಯ್ಕೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ನನ್ನ ಪ್ಲೇಯರಿನ ಔಟ್‌ಪುಟ್ ಸೆಟ್ಟಿಂಗಿನಲ್ಲಿ ಆಲ್ಸಾ, ಎಚ್‌ಡಬ್ಲ್ಯು:1,0 ಅಂತ ಇತ್ತು, ಅಂದರೆ 1ನೇ ಕಾರ್ಡಿನ 0ನೇ ಸಾಧನ. ನಾನೇ ಹಾಕಿದ್ದು. ಸರ್ವರ್ ಮೂಲಕ ಹೋದರೆ ಸಿಡಿಯ 44,100 ಸ್ಯಾಂಪಲ್‌ಗಳು 48,000ಕ್ಕೆ ಬದಲಾಗುತ್ತವೆ, ಅದು ಬೇಡ ಅಂತ ನೇರ ದಾರಿ ಆರಿಸಿದ್ದೆ. ಆಗ ಒಳಗಿನ ಚಿಪ್ ಕಾರ್ಡ್ 0, ಡ್ಯಾಕ್ ಕಾರ್ಡ್ 1. ಆಮೇಲೆ, ಆ ರಾತ್ರಿಗೆ ಸ್ವಲ್ಪ ಮುಂಚೆ, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಅದರಲ್ಲೂ ಎಚ್‌ಡಿಎಂಐಗೆ ಅಂತ ಒಂದು ಸೌಂಡ್ ಕಾರ್ಡ್ ಇರುತ್ತದೆ, ಅಲ್ವಾ? ಅದು ಹೋಗಿ 0ಯಲ್ಲಿ ಕೂತಿತು. ಒಳಗಿನ ಚಿಪ್ 1ಕ್ಕೆ ಸರಿಯಿತು, ಡ್ಯಾಕ್ 2ಕ್ಕೆ ಹೋಯಿತು. ಪ್ಲೇಯರ್ ಹೇಳಿದ ಹಾಗೇ 1ನೇ ಕಾರ್ಡಿಗೆ ಹಾಡು ಕಳಿಸುತ್ತಿತ್ತು. ಆ ಚಿಪ್ಪಿಗೆ ಹಾಲ್‌ನ ಸ್ಪೀಕರಿನ ವೈರ್ ಚುಚ್ಚಿತ್ತು.

ಸೆಟ್ಟಿಂಗನ್ನು ಆಲ್ಸಾದಿಂದ ಪೈಪ್‌ವೈರಿಗೆ ಬದಲಿಸಿದೆ. ಕೆಲವು ಪ್ಲೇಯರುಗಳಲ್ಲಿ ಪೈಪ್‌ವೈರ್ ಹೆಸರು ಇರುವುದಿಲ್ಲ, ಪಲ್ಸ್‌ಆಡಿಯೋ ಅಂತ ಇರುತ್ತದೆ. ಅದನ್ನು ಆರಿಸಿದರೂ ನಡೆಯುತ್ತದೆ, ಪೈಪ್‌ವೈರ್ ಆ ಭಾಷೆಯನ್ನೂ ಮಾತಾಡುತ್ತದೆ. ಪ್ಲೇ ಒತ್ತಿದೆ. ಈಗ ಪ್ಲೇಬ್ಯಾಕ್ ಟ್ಯಾಬಿನಲ್ಲಿ ಪ್ಲೇಯರ್ ಕಾಣಿಸಿತು, ವಾಲ್ಯೂಮ್ ಕೀ ಕೆಲಸ ಮಾಡಿತು. ಹಾಡು ಮಾತ್ರ ಮತ್ತೆ ಹಾಲ್‌ನಲ್ಲೇ!

ಇಲ್ಲಿ ನಾನು ಪೂರ್ತಿ ಸೋತ ಹಾಗೆ ಕೂತುಬಿಟ್ಟೆ. ಪ್ಲೇಬ್ಯಾಕ್ ಟ್ಯಾಬಿನಲ್ಲಿ ಪ್ಲೇಯರಿನ ಸಾಲಿನ ಬಲತುದಿ ನೋಡಿದರೆ ಅದರ ಔಟ್‌ಪುಟ್ ಬೇರೆಯಾಗಿ ಬರೆದಿತ್ತು: ಒಳಗಿನ ಚಿಪ್. ಬ್ರೌಸರಿನ ಸಾಲಿನಲ್ಲಿ ಡ್ಯಾಕ್. ಆಗ ನೆನಪಾಯಿತು. ಡ್ಯಾಕ್ ತಗೊಳ್ಳುವುದಕ್ಕೆ ಮುಂಚೆ, ಮನೆಗೆ ನೆಂಟರು ಬಂದಾಗ, ಇದೇ ಜಾಗದಲ್ಲಿ ಈ ಪ್ಲೇಯರನ್ನು ನಾನು ಸ್ಪೀಕರಿಗೆ ತಿರುಗಿಸಿದ್ದೆ. ಒಂದು ಪ್ರೋಗ್ರಾಂ ಅನ್ನು ಒಮ್ಮೆ ಕೈಯಾರೆ ಒಂದು ಕಡೆ ತಿರುಗಿಸಿದರೆ ಸರ್ವರ್ ಅದನ್ನು ಹೆಸರು ಹಿಡಿದು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಡೀಫಾಲ್ಟ್ ಏನೇ ಬದಲಿಸಿದರೂ ಆ ಪ್ರೋಗ್ರಾಂಗೆ ಹಳೆಯ ಮಾತೇ ಮಾತು. ಪಲ್ಸ್‌ಆಡಿಯೋದಲ್ಲೂ ಹೀಗೇ ಇತ್ತು, ಸ್ಟ್ರೀಮ್ ರಿಸ್ಟೋರ್ ಅಂತ ಹೆಸರು.

ಅದೇ ಸಾಲಿನಲ್ಲಿ ಡ್ಯಾಕ್ ಆರಿಸಿದರೆ ಆ ಕ್ಷಣಕ್ಕೆ ಸರಿಹೋಗುತ್ತದೆ. ತುಂಬಾ ಜನಕ್ಕೆ ಅಷ್ಟು ಸಾಕು. ನನಗೆ ಇನ್ನೊಂದು ಮೊಳೆ ಹೊಡೆದು ಕೂರಿಸುವುದು ಬೇಡವಾಗಿತ್ತು, ಹಳೆಯ ಮೊಳೆಯೇ ಕೀಳಬೇಕಿತ್ತು. ಪೈಪ್‌ವೈರಿಗೆ ಯಾವ ಧ್ವನಿ ಎಲ್ಲಿಗೆ ಅಂತ ತೀರ್ಮಾನಿಸುವುದು ವೈರ್‌ಪ್ಲಂಬರ್ ಅನ್ನುವ ಜೊತೆಗಾರ. ಹೋಮ್‌ನ ಒಳಗೆ, ಕಾಣದ ಲೋಕಲ್ ಫೋಲ್ಡರಿನ ಸ್ಟೇಟ್ ಜಾಗದಲ್ಲಿ, ಅದರದ್ದೇ ಹೆಸರಿನ ಫೋಲ್ಡರ್ ಇದೆ. ಅದರಲ್ಲಿ ರಿಸ್ಟೋರ್-ಸ್ಟ್ರೀಮ್ ಅನ್ನುವ ಫೈಲ್. ಹೊಸ 0.5 ಆವೃತ್ತಿಯಲ್ಲಿ ಅದರ ಹೆಸರು ಸ್ಟ್ರೀಮ್-ಪ್ರಾಪರ್ಟೀಸ್. ಮಾಮೂಲಿ ಟೆಕ್ಸ್ಟ್ ಫೈಲ್, ತೆರೆದರೆ ಓದಬಹುದು. ನನ್ನ ಪ್ಲೇಯರಿನ ಹೆಸರು, ಟಾರ್ಗೆಟ್ ಅನ್ನುವ ಪದ, ಅದರ ಮುಂದೆ ಒಳಗಿನ ಚಿಪ್ಪಿನ ಉದ್ದ ಹೆಸರು. ಅಲ್ಲೇ ಕೂತಿತ್ತು ನೋಡಿ ಆ ನೆಂಟರ ದಿನ.

ವೈರ್‌ಪ್ಲಂಬರ್ ನಿಲ್ಲಿಸಿ, ಆ ಫೈಲ್ ಬೇರೆ ಕಡೆ ಎತ್ತಿಟ್ಟು, ಮತ್ತೆ ಶುರು ಮಾಡಿದೆ. ನಿಲ್ಲಿಸದೇ ತೆಗೆದರೆ ತನ್ನ ನೆನಪಿನಲ್ಲಿರುವುದನ್ನು ಅದು ವಾಪಸ್ ಬರೆದುಬಿಡಬಹುದು. ಇನ್ನೊಂದು ವಿಷಯ, ಎಲ್ಲ ಪ್ರೋಗ್ರಾಂಗಳ ವಾಲ್ಯೂಮ್ ನೆನಪೂ ಇದೇ ಫೈಲ್‌ನಲ್ಲಿದೆ, ಅದೂ ಹೋಗುತ್ತದೆ. ಹಾಗಾಗಿ ಮೊದಲ ಸಲ ಪ್ಲೇ ಒತ್ತುವಾಗ ಹೆಡ್‌ಫೋನ್ ಕಿವಿಯಿಂದ ದೂರ ಇಡಿ.

ಡ್ಯಾಕ್‌ನಲ್ಲಿ ಹಾಡು ಬಂತು. ಎಚ್‌ಡಬ್ಲ್ಯು_ಪ್ಯಾರಮ್ಸ್ ನೋಡಿದರೆ 2ನೇ ಕಾರ್ಡಿನ ಫೈಲ್‌ನಲ್ಲಿ 48000 ಕಂಡಿತು. ಕ್ಯಾಸೆಟ್‌ಗಳನ್ನು ನಾನು 48,000ದಲ್ಲೇ ಏರಿಸಿದ್ದರಿಂದ ಅಜ್ಜಿಯ ಹಾಡಿಗೆ ಯಾವ ಬದಲಾವಣೆಯೂ ಇಲ್ಲ. ಸಿಡಿಗಳಿಗಾಗಿ ಪೈಪ್‌ವೈರ್ ಕಾನ್ಫಿಗ್‌ನಲ್ಲಿ ಅಲೌಡ್ ರೇಟ್ಸ್ ಅನ್ನುವ ಸಾಲಿಗೆ 44100, 48000 ಎರಡನ್ನೂ ಹಾಕಿದೆ. ಈಗ ಸಿಡಿ ಹಾಡು ಹಾಕಿದರೆ, ಬೇರೇನೂ ಸದ್ದು ಮಾಡುತ್ತಿಲ್ಲದಿದ್ದರೆ, ಡ್ಯಾಕ್ 44,100ಕ್ಕೆ ಹೋಗುತ್ತದೆ. ಇದು ಮೊದಲೇ ಗೊತ್ತಿದ್ದರೆ ನೇರ ದಾರಿ ನನಗೆ ಬೇಕೇ ಇರಲಿಲ್ಲ. ನಿಮಗೆ ನೇರ ದಾರಿಯೇ ಬೇಕು ಅಂದರೆ ನಂಬರ್ ಹಾಕಬೇಡಿ. ಕಾರ್ಡ್ಸ್ ಫೈಲ್‌ನಲ್ಲಿ ಚೌಕ ಬ್ರಾಕೆಟ್‌ನೊಳಗೆ ಪ್ರತಿ ಕಾರ್ಡಿಗೂ ಒಂದು ಹೆಸರಿರುತ್ತದೆ, ಅದನ್ನು ಹಾಕಿ. ನಂಬರ್ ಇವತ್ತೊಂದು ನಾಳೆಯೊಂದು ಆಗಬಹುದು, ಹೆಸರು ಅಷ್ಟು ಸುಲಭಕ್ಕೆ ಬದಲಾಗಲ್ಲ.

ಪ್ಲೇಯರ್ ಬರೆಯುವವರಿಗೆ ನನ್ನದೊಂದು ಕೋರಿಕೆ. ಹಾಡಿನ ಹೆಸರಿನ ಪಕ್ಕದಲ್ಲೇ, ಧ್ವನಿ ಯಾವ ಸಾಧನಕ್ಕೆ ಹೋಗುತ್ತಿದೆ ಅಂತ ಸಣ್ಣ ಅಕ್ಷರದಲ್ಲಾದರೂ ತೋರಿಸಿ. ಮೂರು ಮೆನು ದಾಟಿ ಒಳಗೆ ಹೋಗಿ ಹುಡುಕುವ ಹಾಗೆ ಇಡಬೇಡಿ.

ಕಳೆದ ಭಾನುವಾರ ಚಿಕ್ಕಮ್ಮ ಬಂದಿದ್ದರು. 4ನೇ ಕ್ಯಾಸೆಟ್ ಕ್ಲೀನ್ ಆಗಿತ್ತು, ಹೆಡ್‌ಫೋನ್ ಅವರ ಕಿವಿಗೆ ಹಾಕಿದೆ. ಅರ್ಧ ಪದ ಕೇಳಿ, ಇದನ್ನ ಎಲ್ಲರೂ ಕೇಳಬೇಕು ಕಣೋ, ಜೋರಾಗಿ ಹಾಕು ಅಂದರು. ಸ್ಕ್ರೀನಿನ ಮೇಲ್ಗಡೆ ಬಲಮೂಲೆಯಲ್ಲಿ ಔಟ್‌ಪುಟ್ ಬದಲಿಸಿದೆ. ಪದ ನಿಲ್ಲದೆ, ಆ ಸಾಲಿನ ನಡುವೆಯೇ, ಹಾಲ್‌ಗೆ ಹೋಯಿತು.