ಗೇಟಿಗೆ ರೀಡರ್ ಬಂತು, ಪೇಷಂಟುಗಳಿಗೆ ಜಾಗ ಸಿಕ್ಕಿತು

ನಮ್ಮ ಕಾಂಪ್ಲೆಕ್ಸ್ ಇರುವುದು ಬೆಳಗಾವಿಯ ಕಾಲೇಜ್ ರೋಡ್ ಕಡೆ. ಕೆಳಗೆ ಅಂಗಡಿಗಳು, ಮೇಲೆ ಡಾಕ್ಟರುಗಳ ಕ್ಲಿನಿಕ್ಕು, ಅದರ ಮೇಲೆ ಆಫೀಸುಗಳು. ಬೇಸ್‌ಮೆಂಟಿನ ಪಾರ್ಕಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಗೇಟು ಆಟೊಮ್ಯಾಟಿಕ್ ಮಾಡೋಣ ಎಂದಾಗ ಅಂಗಡಿಯವರು ಮೊದಲು ಕೇಳಿದ್ದು, ವಾಚ್‌ಮನ್ ಪಗಾರ ಉಳಿಯುತ್ತಾ ಅಂತ. ಪಗಾರ ಉಳಿಸಲು ಹಾಕಿಸುವುದಾದರೆ ಬೇಡವೇ ಬೇಡ ಎಂದೆ. ನಮಗೆ ಬೇಕಿದ್ದದ್ದು ಜಾಗ.

ಜಾಗವೇನೋ ಇತ್ತು, ಆದರೆ ಅದರಲ್ಲಿ ಬೇರೆಯವರ ಗಾಡಿ ನಿಲ್ಲುತ್ತಿದ್ದವು. ಖಡೇಬಜಾರ್, ಗಣಪತ್ ಗಲ್ಲಿಯೊಳಗೆ ಕಾರು ನಿಲ್ಲಿಸುವುದು ಎಷ್ಟು ಕಷ್ಟ ಎಂದು ಊರಿನವರಿಗೆಲ್ಲ ಗೊತ್ತು. ಪೇಟೆಗೆ ಬಂದವರು ನಮ್ಮಲ್ಲಿ ಕಾರು ಬಿಟ್ಟು ನಡೆದು ಹೋಗುತ್ತಿದ್ದರು. “ಐದ ಮಿನಿಟ್‌ನ್ಯಾಗ ಬರ್ತೇನ್ರಿ ಕಾಕಾ” ಎಂದವರು ಬರುತ್ತಿದ್ದದ್ದು ಸಂಜೆಗೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಪೇಷಂಟ್ ರಸ್ತೆಯಲ್ಲೇ ಇಳಿಯಬೇಕಿತ್ತು. ವಾಚ್‌ಮನ್ ಕಾಕಾ ತಡೆದರೆ ಗೇಟಿನಲ್ಲಿ ಜಗಳ, ಬಿಟ್ಟರೆ ಡಾಕ್ಟರುಗಳ ಸಿಟ್ಟು.

ಒಳಬರುವ ಕಡೆ ಒಂದು, ಹೊರಹೋಗುವ ಕಡೆ ಒಂದು ಬೂಮ್ ಬ್ಯಾರಿಯರ್, ಅಂದರೆ ತಾನೇ ಎದ್ದು ಇಳಿಯುವ ಅಡ್ಡಗೋಲು, ಹಾಕಿಸಿದೆವು. ಅಂಗಡಿ, ಆಫೀಸಿನವರಿಗೆ ಹೊಸ ಟ್ಯಾಗ್ ಹಂಚಲಿಲ್ಲ. ಕಾರಿನ ಗಾಜಿನ ಮೇಲೆ ಟೋಲಿನ ಫಾಸ್ಟ್ಯಾಗ್ ಹೇಗೂ ಇರುತ್ತದೆ ಅಲ್ವಾ? ಅದು ಬ್ಯಾಟರಿ ಇಲ್ಲದ ಟ್ಯಾಗ್. ಗೇಟಿನಲ್ಲಿ ಟ್ಯಾಗ್ ಓದುವ ಯಂತ್ರ, ಅಂದರೆ ರೀಡರ್, ಬಿಡುವ ರೇಡಿಯೊ ತರಂಗದಿಂದಲೇ ಶಕ್ತಿ ಪಡೆದು ತನ್ನ ನಂಬರ್ ಹೇಳುತ್ತದೆ. ಆ ನಂಬರ್ ನಮ್ಮ ಪಟ್ಟಿಯಲ್ಲಿದ್ದರೆ ಬೂಮ್ ಏಳುತ್ತದೆ. “ದುಡ್ಡು ಕಟ್ ಆಗ್ತದೇನ್ರಿ?” ಎಂದು ಹಲವರು ಹೆದರಿದ್ದರು. ಆಗುವುದಿಲ್ಲ. ಫಾಸ್ಟ್ಯಾಗಿನಿಂದ ದುಡ್ಡು ತೆಗೆಯಬೇಕಾದರೆ ಬ್ಯಾಂಕಿನ ಮೂಲಕ ಆ ವ್ಯವಸ್ಥೆಗೆ ಸೇರಿರಬೇಕು. ನಾವು ನಂಬರನ್ನಷ್ಟೇ ಓದುತ್ತೇವೆ.

ಬೇರೆಯವರಿಗೆ ಸಮಯ ಅಚ್ಚಾದ ಚೀಟಿ ಬರುತ್ತದೆ. ಕ್ಲಿನಿಕ್ಕಿನಲ್ಲೋ ಅಂಗಡಿಯಲ್ಲೋ ಅದನ್ನು ಸ್ಕ್ಯಾನ್ ಮಾಡಿಸಿದರೆ ಶುಲ್ಕವಿಲ್ಲ. ಮಾಡಿಸದಿದ್ದರೆ ಗಂಟೆ ಲೆಕ್ಕ. ಇಷ್ಟರಿಂದಲೇ ದಿನವಿಡೀ ನಿಲ್ಲುತ್ತಿದ್ದ ಕಾರುಗಳು ಕಡಿಮೆಯಾದವು. ಯಾರ ಜೊತೆಗೂ ವಾದ ಮಾಡಬೇಕಾಗಲಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೆಲೆಯದ್ದು ಅನ್ನಿಸಿದ್ದು ಎಣಿಕೆ. ಒಳಗೆ ಎಷ್ಟು ಕಾರಿವೆ ಎಂದು ಈಗ ಯಾವ ಹೊತ್ತಿಗೂ ಗೊತ್ತು. ತುಂಬಿದರೆ ರಸ್ತೆಯ ಕಡೆಯ ಬೋರ್ಡಿನಲ್ಲಿ ‘ಜಾಗ ಇಲ್ಲ’ ಎಂದು ಬರುತ್ತದೆ. ಮೊದಲು ಕಾರು ಇಳಿಜಾರಿನಲ್ಲಿ ಕೆಳಗೆ ಹೋಗಿ, ಜಾಗ ಕಾಣದೆ ರಿವರ್ಸ್ ಬರುತ್ತಿತ್ತು. ಹಿಂದೆ ಇನ್ನೆರಡು ಕಾರು ನಿಂತಿರುತ್ತಿದ್ದವು. ಗಣಪತಿ ಹಬ್ಬದ ಹೊತ್ತಿಗಂತೂ ರಸ್ತೆಯೇ ಕಟ್ಟಿಕೊಳ್ಳುತ್ತಿತ್ತು. ಒಂದೇ ಟ್ಯಾಗಿನಲ್ಲಿ ಇಬ್ಬರು ನುಗ್ಗಲೂ ಆಗುವುದಿಲ್ಲ. ಒಳಗೆ ಹೋದ ಟ್ಯಾಗ್ ಹೊರಗೆ ಬರುವ ತನಕ ಮತ್ತೆ ಒಳಗೆ ಬಿಡಬಾರದು ಎಂದು ಯಂತ್ರಕ್ಕೆ ಹೇಳಿಟ್ಟಿದ್ದೇವೆ.

ನಂಬರ್ ಪ್ಲೇಟ್ ಓದುವ ಕ್ಯಾಮೆರಾದಿಂದಲೇ ಗೇಟು ತೆರೆಸೋಣ ಎಂಬ ಸಲಹೆಯೂ ಬಂದಿತ್ತು. ನಾನು ಒಪ್ಪಲಿಲ್ಲ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಕಡ್ಡಾಯವಾದ ಹೈ ಸೆಕ್ಯೂರಿಟಿ ಪ್ಲೇಟಿನ ಅಕ್ಷರ ಒಂದೇ ನಮೂನೆಯಲ್ಲಿರುತ್ತದೆ, ಕ್ಯಾಮೆರಾ ಸುಲಭವಾಗಿ ಓದುತ್ತದೆ. ಆದರೆ ಗಡಿಭಾಗದ ಊರು ನಮ್ಮದು. ಕೆಎ 22ರ ಜೊತೆಗೆ ಕೊಲ್ಲಾಪುರದ ಎಂಎಚ್ 09, ಗೋವಾದ ಗಾಡಿಗಳೂ ಬರುತ್ತವೆ. ಹಳೆಯ ಪ್ಲೇಟು, ಕನ್ನಡ ಅಂಕಿ, ಮರಾಠಿ ಅಂಕಿ, ಮಳೆಗಾಲದ ಕೆಸರು, ಎಲ್ಲವೂ ಇದೆ. ಕ್ಯಾಮೆರಾ ಫೋಟೊ ಹಿಡಿದಿಟ್ಟರೆ ಸಾಕು. ಆ ಫೋಟೊಗಳನ್ನೂ ವರ್ಷಗಟ್ಟಲೆ ಇಟ್ಟುಕೊಳ್ಳುವುದಿಲ್ಲ. ಯಾರು ಯಾವ ಡಾಕ್ಟರ ಹತ್ತಿರ ಬಂದರು ಎಂಬುದು ಅವರವರ ಮನೆಯ ವಿಷಯ.

ಸುರಕ್ಷತೆಯಲ್ಲಿ ಖರ್ಚು ಹಿಡಿಯಬೇಡಿ. ಬೂಮಿನ ಕೆಳಗೆ ನೆಲ ಕೊರೆದು ತಂತಿಯ ಲೂಪ್ ಹೂಳಿರುತ್ತಾರೆ. ಮೇಲೆ ಕಾರಿನ ಲೋಹ ಬಂದರೆ ಲೂಪಿಗೆ ಗೊತ್ತಾಗುತ್ತದೆ, ಬೂಮ್ ಇಳಿಯುವುದಿಲ್ಲ. ಆ ಕೊರೆದ ಗೀರನ್ನು ಮಳೆ ಶುರುವಾಗುವ ಮೊದಲೇ ಚೆನ್ನಾಗಿ ಮುಚ್ಚಿಸಬೇಕು. ಸ್ಕೂಟರಿನಲ್ಲಿ ಲೋಹ ಕಡಿಮೆ, ಲೂಪಿಗೆ ಅದು ಕೆಲವೊಮ್ಮೆ ಗೊತ್ತೇ ಆಗುವುದಿಲ್ಲ. ಸವಾರನ ತಲೆಯ ಮೇಲೆ ಬೂಮ್ ಬೀಳುವ ಅಪಾಯವಿದೆ. ಅದಕ್ಕೇ ಬೈಕುಗಳಿಗೆ ಬೂಮ್ ಇಲ್ಲದ ಬೇರೆ ದಾರಿಯನ್ನೇ ಮಾಡಿದೆವು. ಕರೆಂಟ್ ಹೋದರೆ ಯುಪಿಎಸ್, ಅದೂ ಹೋದರೆ ಕೀಲಿ ಹಾಕಿ ಕೈಯಿಂದ ಎತ್ತುವ ಅನುಕೂಲ. ಬೆಂಕಿಯ ಅಲಾರಂ ಹೊಡೆದರೆ ಎರಡೂ ಬೂಮ್ ತಾವಾಗಿಯೇ ಏಳುವಂತೆ ವೈರ್ ಎಳೆಸಿದ್ದೇವೆ. ಆಂಬುಲೆನ್ಸಿಗೆಂದು ಕಾಕಾ ಹತ್ತಿರ ಒಂದು ಬಟನ್ ಇದೆ.

ಹೌದು, ಕಾಕಾ ಇದ್ದಾರೆ. ಚೀಟಿ ತೆಗೆಯಲು ಬಾರದ ಅಜ್ಜಂದಿರಿಗೆ ತೆಗೆದುಕೊಡುತ್ತಾರೆ, ವ್ಹೀಲ್‌ಚೇರ್ ತರುತ್ತಾರೆ.

ನೀವು ಹಾಕಿಸುವುದಾದರೆ ಮೊದಲು ಕೆಲವು ದಿನ ಗೇಟಿನಲ್ಲಿ ನಿಂತು ನೋಡಿ. ಬೈಕು ಎಷ್ಟು, ಕಾರು ಎಷ್ಟು, ಯಾವ ಹೊತ್ತಿಗೆ ನೂಕುನುಗ್ಗಲು ಎಂದು ಬರೆದಿಡಿ. ಬೂಮ್ ಮುರಿದ ದಿನ ರಿಪೇರಿಗೆ ಬರುವವರು ಇದೇ ಊರಿನವರೋ, ಪುಣೆ ಬೆಂಗಳೂರಿನಿಂದ ಬರಬೇಕೋ ಕೇಳಿ. ಮುಂಗಡ ಕೊಡುವ ಮೊದಲೇ ಆ ಮಾತನ್ನು ಕರಾರಿನಲ್ಲಿ ಬರೆಸಿ.