ಕಾಲ್ಪನಿಕ ಯೋಧ-ಸನ್ಯಾಸಿ ಪಂಥದ ಪದವಿಗಳು: ಗೊಂದಲ ಬಿಡಿಸಿದ ಬಗೆ

ತೊಂದರೆ ಇದು: ಕಥೆಯ ಪಂಥಕ್ಕೆ ಹೆಣೆದ ಹನ್ನೆರಡು ಮೆಟ್ಟಿಲ ಪದವಿ ಶ್ರೇಣಿ ಕಾಗದದ ಮೇಲೆ ಚೆನ್ನಾಗಿತ್ತು. ಕಥೆಯಲ್ಲಿ ಮುತ್ತಿಗೆ ಶುರುವಾದರೆ ಯಾರ ಆಜ್ಞೆಯನ್ನು ಯಾರು ಪಾಲಿಸಬೇಕೆಂದೇ ತಿಳಿಯುತ್ತಿರಲಿಲ್ಲ. ಹಿರಿಯ ಪುರೋಹಿತನೂ ದಳಪತಿಯೂ ಎದುರಾದರೆ ದೃಶ್ಯ ಅಲ್ಲೇ ನಿಲ್ಲುತ್ತಿತ್ತು.

ನಡುವೆ ಇನ್ನೆರಡು ಪದವಿ ಸೇರಿಸಿದ್ದು, ನಿಲುವಂಗಿಗೆ ಬಣ್ಣ ಹಂಚಿದ್ದು, ಈಗಿನ ಸೇನೆಯ ಹುದ್ದೆಗಳಿಗೆ ಧಾರ್ಮಿಕ ಹೆಸರಿಟ್ಟದ್ದು, ಯಾವುದೂ ಕೆಲಸಕ್ಕೆ ಬರಲಿಲ್ಲ. ದೀಕ್ಷೆಯನ್ನೂ ಅಧಿಕಾರವನ್ನೂ ಒಂದೇ ಏಣಿಯಲ್ಲಿ ತುರುಕಿದ್ದೇ ಮೂಲ ದೋಷ.

ಎರಡನ್ನೂ ಬೇರ್ಪಡಿಸಿದ ಮೇಲೆ ಸರಿಹೋಯಿತು. ದೀಕ್ಷೆ ಮೂರೇ: ಯೋಧ, ಸೇವಕ, ಪುರೋಹಿತ. ಇದು ಬದುಕಿರುವವರೆಗೆ. ಹುದ್ದೆ ಹಾಗಲ್ಲ, ಕೊಟ್ಟದ್ದನ್ನು ಹಿಂಪಡೆಯಬಹುದು. ಮಧ್ಯಯುಗದ ಕ್ರೈಸ್ತ ಯೋಧ-ಸನ್ಯಾಸಿಗಳ ಟೆಂಪ್ಲರ್ ಪಂಥದ ರಚನೆಯೂ ಇದೇ ಬಗೆಯದು: ಬಿಳಿ ನಿಲುವಂಗಿ ನೈಟ್‌ (ಕುದುರೆ ಸವಾರ ಯೋಧ) ಎಂಬುದನ್ನು ತೋರಿಸುತ್ತಿತ್ತು, ಹುದ್ದೆಯನ್ನಲ್ಲ. ಆಯುಧ, ಕುದುರೆ ಮಾರ್ಷಲ್‌ನ ಹೊಣೆ, ಬಟ್ಟೆ ಡ್ರೇಪರ್‌ನದು. 1139ರ ಪೋಪ್ ಆಜ್ಞೆಯಿಂದ ಪಂಥಕ್ಕೆ ತನ್ನದೇ ಪುರೋಹಿತರನ್ನು ಇಟ್ಟುಕೊಳ್ಳುವ ಹಕ್ಕು ಬಂತು.

ಅನುಕ್ರಮ ತಪ್ಪಿಸಬೇಡಿ. ಮೊದಲು, ಯಾವುದಿಲ್ಲದಿದ್ದರೆ ಪಂಥ ಒಂದು ತಿಂಗಳೂ ಬಾಳದೋ ಅದರ ಪಟ್ಟಿ: ಕುದುರೆ, ಧಾನ್ಯ, ಹಣ, ಬಟ್ಟೆ, ಪೂಜೆ. ಒಂದೊಂದಕ್ಕೂ ಒಬ್ಬನೇ ಅಧಿಕಾರಿ. ಬಳಿಕ ಪ್ರತಿ ಹುದ್ದೆಗೆ ಎರಡು ಸಾಲು: ಯಾರನ್ನೂ ಕೇಳದೆ ಏನು ಮಾಡಬಹುದು, ಏನಕ್ಕೆ ಪಂಥದ ಸಭೆಯ ಒಪ್ಪಿಗೆ ಬೇಕು. ಎರಡನೇ ಸಾಲೇ ಜೀವಾಳ, ಮಹಾನಾಯಕನಿಗೂ ಅದನ್ನು ಬರೆಯಲೇಬೇಕು; ಟೆಂಪ್ಲರ್ ಪಂಥದ ಮುಖ್ಯಸ್ಥನಾದ ಮಾಸ್ಟರ್ ಕೂಡ ಸಭೆಯನ್ನು ಕೇಳದೆ ಭೂಮಿ ಮಾರುವಂತಿರಲಿಲ್ಲ. ಪುರೋಹಿತ ಪ್ರಾಯಶ್ಚಿತ್ತ ವಿಧಿಸಬಹುದು, ರಣರಂಗದಲ್ಲಿ ಆಜ್ಞೆ ಕೊಡುವಂತಿಲ್ಲ. ಆಮೇಲೆ ದಳಪತಿ ಸತ್ತರೆ ಮುಂದಿನ ಮೂವರು ಯಾರೆಂದು ಬರೆದಿಡಿ.

ಬಿರುದು, ಲಾಂಛನ ಎಲ್ಲ ಕಟ್ಟಕಡೆಗೆ.